ಬಾನೆಟ್ ಕೆಳಗಿನ ಒಪ್ಪಂದ

ನಮ್ಮ ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಈಚೆಗೆ ಒಂದು ಮಾತು ಜೋರಾಗಿ ಓಡಾಡ್ತಿದೆ: ‘ಸ್ಟೇಜ್ ಒನ್’. ಟರ್ಬೋ ಎಂಜಿನ್ನಿನ ಕಾರು ಕೊಂಡವರು ಮೊದಲ ಎರಡು ಇಎಂಐ ಕಟ್ಟುವಷ್ಟರಲ್ಲಿ ಈ ಮಾತು ಶುರು ಹಚ್ಕೋತಾರೆ. ಗೊತ್ತಿಲ್ಲದವರಿಗೆ ಹೇಳ್ಬೇಕಂದ್ರೆ ವಿಷಯ ಇಷ್ಟೇ. ಎಂಜಿನ್ನನ್ನು ನಡೆಸೋದಕ್ಕೆ ಕಾರಿನೊಳಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತೆ, ಅದರ ಹೆಸರು ಇಸಿಯು. ಸ್ಟೀರಿಂಗ್ ಕೆಳಗಿರುವ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ, ಇಸಿಯು ಒಳಗಿನ ಫೈಲನ್ನು ಹೊರಗೆ ತೆಗೆದು, ಕೆಲವು ಅಂಕಿಗಳನ್ನು ತಿದ್ದಿ ವಾಪಸ್ ತುಂಬಿಸ್ತಾರೆ. ಒಂದು ನಟ್ಟು, ಒಂದು ಬೋಲ್ಟು ಬದಲಾಗಿರಲ್ಲ. ಆದರೂ ಅದೇ ಕಾರು ಬೇರೆಯೇ ಕಾರಿನ ಹಾಗೆ ಎಳೆಯುತ್ತೆ. ಇದಕ್ಕೇ ರೀಮ್ಯಾಪ್ ಅಂತಾರೆ.

“ಕಂಪನಿಯವರು ಪವರ್‌ಗೆ ಬೀಗ ಹಾಕಿ ಕಳಿಸಿರ್ತಾರೆ ಗುರು, ನಾವು ಬೀಗ ತೆಗೀತೀವಿ ಅಷ್ಟೆ.” ಇದು ಆ ವಲಯದಲ್ಲಿ ನಾನು ಪದೇಪದೇ ಕೇಳಿದ ಮಾತು. ಕೋಡ್ ಬರೆದೇ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಮಾತು ಒಳಗೊಳಗೇ ಖುಷಿ ಕೊಡುತ್ತೆ, ಸುಳ್ಳು ಹೇಳಲ್ಲ. ಮುಚ್ಚಿದ ಡಬ್ಬ ಕಂಡ್ರೆ ತೆರೆದು ನೋಡ್ಬೇಕು ಅನ್ನೋದು ನಮ್ಮ ಜಾತಕದಲ್ಲೇ ಇದೆ. ಆದರೆ ಆ ಬೀಗವನ್ನು ಹಾಕಿದ್ದು ಯಾರು, ಯಾವಾಗ, ಯಾರಿಗೋಸ್ಕರ ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಕಥೆ ಕಾರ್ ಕಂಪನಿಗಳಿಂದ ಶುರುವಾಗಲಿಲ್ಲ. ಅದು ಶುರುವಾಗಿದ್ದು ಲಾಸ್ ಏಂಜಲೀಸ್ ನಗರದ ಹೊಗೆಯಲ್ಲಿ.

ಅದಕ್ಕೂ ಮೊದಲು ಟ್ಯೂನಿಂಗ್ ಅಂದ್ರೆ ಏನಿತ್ತು ಅಂತ ಒಂದು ಮಾತು. ಆಗ ಎಂಜಿನ್ನಿಗೆ ಪೆಟ್ರೋಲ್ ಕೊಡ್ತಿದ್ದದ್ದು ಕಾರ್ಬುರೇಟರ್. ಗಾಳಿ ಒಳಗೆ ನುಗ್ಗುವಾಗ ಸಣ್ಣ ತೂತಿನಿಂದ ಪೆಟ್ರೋಲನ್ನು ಎಳೆದುಕೊಳ್ಳುವ ಒಂದು ಯಂತ್ರ, ಅಷ್ಟೆ. ಮೈಸೂರಿನಲ್ಲಿ ತಯಾರಾಗ್ತಿದ್ದ ಯೆಜ್ಡಿ ಬೈಕನ್ನು ಇಟ್ಟುಕೊಂಡಿದ್ದ ಮನೆಯವರನ್ನು ಕೇಳಿ ನೋಡಿ. ಮೆಕ್ಯಾನಿಕ್ ಒಂದು ಸ್ಕ್ರೂಡ್ರೈವರ್ ಹಿಡಿದು, ಸ್ಕ್ರೂವನ್ನು ಕಾಲು ಸುತ್ತು ಆಚೆ, ಅರ್ಧ ಸುತ್ತು ಈಚೆ ತಿರುಗಿಸಿ, ಕಿವಿಗೊಟ್ಟು ಕೇಳಿ “ಈಗ ಸರಿ ಹೋಯ್ತು” ಅಂತಿದ್ದ. ಅವನ ಕಿವಿಯೇ ಸೆನ್ಸರು, ಅವನ ಕೈಯೇ ಇಸಿಯು. ಎಂಜಿನ್ ಅಂದಾಜಿನ ಮೇಲೆ ಓಡ್ತಿತ್ತು, ಆ ಅಂದಾಜು ತಪ್ಪಿದಾಗ ಹೆಚ್ಚುವರಿ ಪೆಟ್ರೋಲ್ ಅರ್ಧಂಬರ್ಧ ಸುಟ್ಟು ಸೈಲೆನ್ಸರ್‌ನಿಂದ ಹೊರಗೆ ಹೋಗ್ತಿತ್ತು. ಹೊರಗೆ ಹೋದದ್ದು ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳ್ತಿರಲಿಲ್ಲ.

ಆ ಪ್ರಶ್ನೆ ಕೇಳಲೇಬೇಕಾಗಿ ಬಂದದ್ದು ಲಾಸ್ ಏಂಜಲೀಸ್‌ಗೆ. 1943ರ ಜುಲೈನಲ್ಲಿ ಒಂದು ದಿನ ಆ ಊರಿಗೆ ಎಂಥಾ ಹೊಗೆ ಕವಿಯಿತೆಂದರೆ, ಎರಡನೇ ಮಹಾಯುದ್ಧದ ಕಾಲ ನೋಡಿ, ಜನ ಜಪಾನಿನ ವಿಷಾನಿಲ ದಾಳಿ ಅಂದುಕೊಂಡರಂತೆ. ಕಣ್ಣುರಿ, ಗಂಟಲುರಿ. ಮೊದಲು ಕಾರ್ಖಾನೆಗಳ ಮೇಲೆ ಅನುಮಾನ ಹೋಯ್ತು. ಉತ್ತರ ಹುಡುಕಿದ್ದು ಕ್ಯಾಲ್‌ಟೆಕ್‌ನಲ್ಲಿ ಅನಾನಸ್ ಹಣ್ಣಿನ ಪರಿಮಳದ ಬಗ್ಗೆ ಸಂಶೋಧನೆ ಮಾಡ್ತಿದ್ದ ಆರೀ ಹಾಗನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞ. 1950ರ ದಶಕದ ಆರಂಭದಲ್ಲಿ ಅವರು ತೋರಿಸಿದ್ದು ಇದು: ಸರಿಯಾಗಿ ಸುಡದ ಪೆಟ್ರೋಲಿನ ಆವಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಬೆಂದು ಓಝೋನ್ ಆಗುತ್ತವೆ, ಕಣ್ಣು ಉರಿಸುವ ಹೊಗೆ ಅದೇ. ಆ ಆವಿ, ಆ ಆಕ್ಸೈಡ್ ಎರಡೂ ಹೆಚ್ಚಾಗಿ ಬರ್ತಿದ್ದದ್ದು ಕಾರುಗಳಿಂದ. ಕಾರ್ ಕಂಪನಿಗಳು ಸುಲಭವಾಗಿ ಒಪ್ಪಲಿಲ್ಲ. ಕಡೆಗೆ 1970ರಲ್ಲಿ ಅಮೆರಿಕದ ಸಂಸತ್ತು ಕ್ಲೀನ್ ಏರ್ ಆಕ್ಟ್ ತಂದು, ಕೆಲವೇ ವರ್ಷಗಳಲ್ಲಿ ಕಾರಿನ ಹೊಗೆಯ ವಿಷವನ್ನು ನೂರಕ್ಕೆ ತೊಂಬತ್ತರಷ್ಟು ಇಳಿಸಿ ಅಂತ ಹೇಳಿತು. ಡೆಟ್ರಾಯಿಟ್‌ನವರು ಇದು ಆಗೋ ಹೋಗೋ ಮಾತಲ್ಲ ಅಂದರು.

ಆಗೋ ಹಾಗೆ ಮಾಡಿದ ಉಪಾಯದ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್. ಸೈಲೆನ್ಸರ್ ದಾರಿಯಲ್ಲಿ ಪ್ಲಾಟಿನಂನಂಥ ಲೋಹ ಸವರಿದ ಜೇನುಗೂಡಿನಂಥ ಡಬ್ಬ. ಅದರಲ್ಲಿ ‘ತ್ರೀ-ವೇ’ ಅನ್ನೋ ಬಗೆಯದ್ದು ಮೂರು ವಿಷಗಳನ್ನೂ ಒಟ್ಟಿಗೇ ಕೊಲ್ಲುತ್ತೆ: ಕಾರ್ಬನ್ ಮಾನಾಕ್ಸೈಡ್, ಸುಡದ ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್. ಆದರೆ ಅದರದ್ದೊಂದು ಹಠ ಇದೆ. ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಸೇರಿದ್ರೆ ಮಾತ್ರ ಮೂರೂ ಕೆಲಸ ಮಾಡುತ್ತೆ. ಕೂದಲೆಳೆಯಷ್ಟು ಆಚೀಚೆ ಆದ್ರೂ ಒಂದು ಕೆಲಸ ಕೈಕೊಡುತ್ತೆ.

ಈ 14.7 ಅನ್ನೋ ಅಂಕಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಎಂಜಿನ್ನಿಗೆ ಗರಿಷ್ಠ ಶಕ್ತಿ ಬೇಕಿದ್ದರೆ ಪೆಟ್ರೋಲ್ ಜಾಸ್ತಿ ಕೊಡ್ಬೇಕು, ಅಂದ್ರೆ ಗಾಳಿ 12.5, 13ರ ಹತ್ತಿರ. ಮೈಲೇಜ್ ಬೇಕಿದ್ದರೆ ಗಾಳಿ ಜಾಸ್ತಿ, 16ರ ಹತ್ತಿರ. ಡ್ರೈವರ್ ಕೇಳೋದು ಒಂದು ಅಂಕಿ, ಪೆಟ್ರೋಲ್ ಬಂಕಿನಲ್ಲಿ ದುಡ್ಡು ಕೊಡುವವನು ಕೇಳೋದು ಇನ್ನೊಂದು ಅಂಕಿ. ನಡುವಿನ 14.7 ಇವರಿಬ್ಬರದ್ದೂ ಅಲ್ಲ. ಅದು ರಸ್ತೆ ಪಕ್ಕ ನಡೆದುಹೋಗುವವರ ಅಂಕಿ.

ಕಾರ್ಬುರೇಟರ್‌ಗೆ ಈ ನಿಖರತೆ ಸಾಧ್ಯವೇ ಇರಲಿಲ್ಲ. 1976ರಲ್ಲಿ ಜರ್ಮನಿಯ ಬಾಷ್ ಕಂಪನಿ ಸೈಲೆನ್ಸರ್‌ಗೆ ಚುಚ್ಚುವ ಒಂದು ಪುಟ್ಟ ಆಮ್ಲಜನಕ ಸೆನ್ಸರನ್ನು ಮಾಡಿ ವೋಲ್ವೋ ಕಾರುಗಳಿಗೆ ಕೊಟ್ಟಿತು, ಅವು ಹೋದದ್ದು ಅಮೆರಿಕಕ್ಕೆ. ಸುಟ್ಟ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಅದು “ಪೆಟ್ರೋಲ್ ಜಾಸ್ತಿಯಾಯ್ತು, ಕಮ್ಮಿಯಾಯ್ತು” ಅಂತ ಹೇಳುತ್ತೆ. ಸರಿ, ಹೇಳಿದ್ದನ್ನು ಕೇಳಿಸಿಕೊಂಡು ಸೆಕೆಂಡಿಗೆ ಹಲವು ಬಾರಿ ತಿದ್ದುವವರು ಯಾರು? ಅಲ್ಲಿಗೆ ಕಂಪ್ಯೂಟರ್ ಬರಲೇಬೇಕಾಯ್ತು. ಎಲೆಕ್ಟ್ರಾನಿಕ್ ಇಂಜೆಕ್ಷನ್ ಅಷ್ಟರಲ್ಲಿ ಇರಲಿಲ್ಲ ಅಂತಲ್ಲ. ಅಮೆರಿಕದ ಬೆಂಡಿಕ್ಸ್ ಕಂಪನಿ 1950ರ ದಶಕದಲ್ಲೇ ಪ್ರಯತ್ನಿಸಿ ಸೋತಿತ್ತು, ಬಾಷ್ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಅದನ್ನು ಯಶಸ್ವಿಯಾಗಿ ಕೂರಿಸಿತ್ತು. ಆದರೆ ಕಂಪ್ಯೂಟರ್ ಎಲ್ಲರ ಕಾರಿಗೂ ಇಳಿದದ್ದು ಹೊಗೆ ಕಾನೂನಿನ ಒತ್ತಡದಿಂದ. ಫೋರ್ಡ್ 1978ರಲ್ಲಿ ಲಿಂಕನ್ ವರ್ಸೇಲ್ಸ್ ಕಾರಿನಲ್ಲಿ ಇಟ್ಟಿತು. 1979ರಲ್ಲಿ ಬಿಎಂಡಬ್ಲ್ಯೂ 732ಐ ಕಾರಿಗೆ ಬಾಷ್‌ನ ಮೋಟ್ರಾನಿಕ್ ಬಂತು, ಪೆಟ್ರೋಲ್ ಚಿಮ್ಮಿಸೋದು, ಕಿಡಿ ಹಚ್ಚೋದು ಎರಡನ್ನೂ ಒಂದೇ ಡಬ್ಬ ನೋಡಿಕೊಳ್ಳುವಂಥದ್ದು. 1981ರ ಹೊತ್ತಿಗೆ ಜನರಲ್ ಮೋಟಾರ್ಸ್ ಅಮೆರಿಕದಲ್ಲಿ ಮಾರುವ ಹೆಚ್ಚುಕಮ್ಮಿ ಎಲ್ಲ ಪೆಟ್ರೋಲ್ ಕಾರುಗಳಿಗೂ ಕಂಪ್ಯೂಟರ್ ಹಾಕಿತು.

ಹಾಗಾಗಿ ಇಸಿಯು ಕಾರಿನೊಳಗೆ ಬಂದದ್ದು ಕಾರನ್ನು ಓಡಿಸಲಿಕ್ಕೆ ಅನ್ನೋದಕ್ಕಿಂತ, ಗಾಳಿಯನ್ನು ಕಾಯಲಿಕ್ಕೆ ಅನ್ನೋದೇ ಹೆಚ್ಚು ನಿಜ. ಸ್ಟೇಜ್ ಒನ್ ಚರ್ಚೆಯಲ್ಲಿ ಯಾರೂ ಹೇಳದ ಸಂಗತಿ ಇದು.

ಇನ್ನು ಆ ಡಬ್ಬದೊಳಗೆ ಏನಿದೆ? ನಮ್ಮಂಥವರಿಗೆ ಅರ್ಥವಾಗೋ ಹಾಗೆ ಹೇಳೋದಾದ್ರೆ, ಎಕ್ಸೆಲ್ ಶೀಟುಗಳು. ಒಂದು ಬದಿಗೆ ಎಂಜಿನ್ನಿನ ವೇಗ, ಇನ್ನೊಂದು ಬದಿಗೆ ಅದರ ಮೇಲಿರುವ ಭಾರ. ಎರಡೂ ಸೇರುವ ಮನೆಯಲ್ಲಿ ಒಂದು ಅಂಕಿ: ಇಷ್ಟು ಡಿಗ್ರಿ ಮುಂಚೆ ಕಿಡಿ ಹಚ್ಚು, ಇಷ್ಟು ಹೊತ್ತು ಇಂಜೆಕ್ಟರ್ ತೆರೆದಿಡು, ಟರ್ಬೋ ಇಷ್ಟು ಒತ್ತಡ ಕೊಡಲಿ. ಎರಡು ಮನೆಗಳ ನಡುವೆ ಬಂದರೆ ಕಂಪ್ಯೂಟರ್ ಲೆಕ್ಕ ಹಾಕಿ ನಡುವಿನ ಅಂಕಿ ತಗೊಳ್ಳುತ್ತೆ. ಇಂಥ ಶೀಟಿಗೇ ಮ್ಯಾಪ್ ಅಂತ ಹೆಸರು. ಇವತ್ತಿನ ಕಾರಿನಲ್ಲಿ ಇವು ಸಾವಿರಗಟ್ಟಲೆ ಇರುತ್ತವೆ.

ಪ್ರತಿ ಮನೆಯ ಅಂಕಿಯ ಹಿಂದೆಯೂ ಒಂದು ಚೌಕಾಸಿ ಇದೆ. ಅದೇ ಕಾರು ಕಲಬುರಗಿಯ ಮೇ ತಿಂಗಳ ಬಿಸಿಲಲ್ಲೂ ಓಡಬೇಕು, ಲಡಾಖ್‌ನ ತೆಳು ಗಾಳಿಯಲ್ಲೂ ಓಡಬೇಕು. ನಾಲ್ಕು ಜನ, ಡಿಕ್ಕಿ ತುಂಬ ಲಗೇಜು ಹೇರಿಕೊಂಡು ಶಿರಾಡಿ ಘಾಟಿ ಹತ್ತಬೇಕು. ಎಲ್ಲೋ ಹಳ್ಳಿ ಬಂಕಿನಲ್ಲಿ ಕಳಪೆ ಪೆಟ್ರೋಲ್ ಹಾಕಿಸಿದ್ರೂ ಪಿಸ್ಟನ್ ಒಡೆಯಬಾರದು. ಗೇರ್‌ಬಾಕ್ಸ್, ಕ್ಲಚ್ ವಾರಂಟಿ ಮುಗಿಯೋವರೆಗಾದ್ರೂ ಬಾಳಬೇಕು. ಇದೆಲ್ಲಕ್ಕೂ ಎಂಜಿನಿಯರ್‌ಗಳು ಸ್ವಲ್ಪ ಸ್ವಲ್ಪ ಅಂತರ ಬಿಟ್ಟಿರ್ತಾರೆ. ಟ್ಯೂನರ್ ಹೇಳುವ ‘ಬೀಗ’ ಅಂದ್ರೆ ಈ ಅಂತರ. ಅದರಲ್ಲಿ ಒಂದು ಭಾಗ ನಿಜಕ್ಕೂ ಮಾರ್ಕೆಟಿಂಗ್‌ನವರ ಆಟ ಇರಬಹುದು, ಅದೇ ಎಂಜಿನ್ನನ್ನು ದುಬಾರಿ ಮಾಡೆಲ್‌ಗೆ ಜೋರಾಗಿ, ಅಗ್ಗದ್ದಕ್ಕೆ ಮೆತ್ತಗೆ ಕೊಡೋದು. ಉಳಿದದ್ದು ನಿಮ್ಮ ಎಂಜಿನ್ನಿನ ಆಯಸ್ಸು ಮತ್ತು ಬೇರೆಯವರ ಉಸಿರು. ಟರ್ಬೋ ಇರುವ ಎಂಜಿನ್ನಿಗೆ ಗಾಳಿಯ ಒತ್ತಡ ಹೆಚ್ಚಿಸಬಹುದಾದ್ದರಿಂದ ರೀಮ್ಯಾಪ್‌ನಲ್ಲಿ ಲಾಭ ಕಣ್ಣಿಗೆ ಕಾಣುತ್ತೆ. ಟರ್ಬೋ ಇಲ್ಲದ ಎಂಜಿನ್ನಿಗೆ ಅಷ್ಟೇನೂ ಸಿಗಲ್ಲ, ಸಿಕ್ಕಿತು ಅನ್ನೋರಿಗೆ ಸಿಕ್ಕಿದ್ದು ಹೆಚ್ಚಾಗಿ ಸಮಾಧಾನ.

ಈ ಶೀಟುಗಳನ್ನು ತಿದ್ದುವ ಕಲೆ ಹುಟ್ಟಿದ್ದೂ ಒಂದು ಚಿಪ್ಪಿನಿಂದ. 1971ರಲ್ಲಿ ಇಂಟೆಲ್‌ನ ಡೋವ್ ಫ್ರೋಮನ್ ಈಪ್ರಾಮ್ ಕಂಡುಹಿಡಿದರು. ಕರೆಂಟ್ ಹೋದರೂ ಬರೆದದ್ದು ಮರೆಯದ ಚಿಪ್ಪು, ಅದರ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ. ಆ ಕಿಟಕಿಯ ಮೂಲಕ ಅಲ್ಟ್ರಾವಯಲೆಟ್ ಬೆಳಕು ಬಿಟ್ಟರೆ ಹಳೆಯದೆಲ್ಲ ಅಳಿಸಿಹೋಗುತ್ತೆ, ಹೊಸದು ಬರೆಯಬಹುದು. ಎಂಬತ್ತರ ದಶಕದಲ್ಲಿ ಯುರೋಪು, ಅಮೆರಿಕದ ಗ್ಯಾರೇಜುಗಳಲ್ಲಿ ಕೆಲವರು ಇಸಿಯು ಬಿಚ್ಚಿ, ಚಿಪ್ಪು ಕಿತ್ತು, ಒಳಗಿನ ಅಂಕಿಗಳನ್ನು ಓದಿ, ಯಾವುದು ಏನಿರಬಹುದು ಅಂತ ಊಹಿಸಿ, ತಿದ್ದಿ, ಮತ್ತೆ ಬೆಸುಗೆ ಹಾಕೋದನ್ನು ಕಲಿತರು. ‘ಚಿಪ್ ಟ್ಯೂನಿಂಗ್’ ಅನ್ನೋ ಹೆಸರು ಬಂದದ್ದು ಹೀಗೆ. ಯಾರೂ ಅವರಿಗೆ ಮ್ಯಾನ್ಯುಯಲ್ ಕೊಟ್ಟಿರಲಿಲ್ಲ. ಬರೀ ಹೆಕ್ಸ್ ಅಂಕಿಗಳ ಕಾಡಿನಲ್ಲಿ ಇಗ್ನಿಷನ್ ಮ್ಯಾಪ್ ಎಲ್ಲಿದೆ ಅಂತ ಹುಡುಕಿದ ಆ ಜನರ ಬಗ್ಗೆ ನನಗೆ ಗೌರವ ಇದೆ. 1996ರಿಂದ ಅಮೆರಿಕದಲ್ಲಿ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಡಯಾಗ್ನೊಸ್ಟಿಕ್ ಸಾಕೆಟ್ ಕಡ್ಡಾಯ ಆಯ್ತು. ಅದೂ ಹೊಗೆ ನಿಯಂತ್ರಣ ಕೆಟ್ಟಿದೆಯೇ ಅಂತ ನೋಡೋದಕ್ಕೇ ಮಾಡಿದ್ದು. ಈಪ್ರಾಮ್ ಹೋಗಿ ಫ್ಲ್ಯಾಶ್ ಮೆಮೊರಿ ಬಂದ ಮೇಲೆ ಬೆಸುಗೆಯ ಕಷ್ಟವೂ ತಪ್ಪಿತು. ಹೊಗೆ ಪರೀಕ್ಷೆಗೆ ಇಟ್ಟ ಬಾಗಿಲೇ ಟ್ಯೂನರ್‌ಗಳಿಗೆ ರಾಜಮಾರ್ಗ ಆಯ್ತು.

ಇಲ್ಲಿವರೆಗೆ ಕೇಳಿದ್ರೆ, ಕಂಪನಿ ಗಾಳಿ ಕಾಯುತ್ತೆ, ಟ್ಯೂನರ್ ಕದಿಯುತ್ತಾನೆ ಅನ್ನೋ ಹಾಗಿದೆ. ಕಥೆ ಅಷ್ಟು ನೇರ ಇಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್ ಕಾರುಗಳಲ್ಲಿ ಎಸಿ ಹಾಕಿದ್ರೆ ಎಂಜಿನ್ ನಿಂತುಹೋಗುವ ತೊಂದರೆ ಇತ್ತು. ಪರಿಹಾರವಾಗಿ ಕಂಪನಿ ಇಸಿಯುಗೆ ಹೊಸ ಚಿಪ್ಪು ಹಾಕಿತು. ಎಸಿ ಆನ್ ಆದಾಗ ಪೆಟ್ರೋಲ್ ಜಾಸ್ತಿ ಚಿಮ್ಮುತ್ತೆ, ಎಂಜಿನ್ ನಿಲ್ಲಲ್ಲ. ಆದರೆ ಕಾರ್ಬನ್ ಮಾನಾಕ್ಸೈಡ್ ಮಿತಿಯ ಮೂರು ಪಟ್ಟಿನವರೆಗೂ ಏರುತ್ತೆ. ಸರ್ಕಾರದ ಹೊಗೆ ಪರೀಕ್ಷೆ ನಡೀತಿದ್ದದ್ದು ಎಸಿ ಆಫ್ ಮಾಡಿ, ಹಾಗಾಗಿ ಅಲ್ಲಿ ಕಾರು ಪಾಸ್. 4,70,000 ಕಾರುಗಳು. 1995ರಲ್ಲಿ ಸಿಕ್ಕಿಬಿದ್ದು ಕಂಪನಿ ಸುಮಾರು 4.5 ಕೋಟಿ ಡಾಲರ್‌ಗಳ ರಾಜಿ ಮಾಡಿಕೊಂಡಿತು. ಸ್ವಲ್ಪ ಯೋಚಿಸಿ, ಇದು ಚಿಪ್ ಟ್ಯೂನಿಂಗ್ ಅಲ್ಲದೆ ಮತ್ತೇನು? ಗಿರಾಕಿಗೆ ಹಿತವಾಗಲಿ ಅಂತ ಮ್ಯಾಪ್ ತಿದ್ದೋದು, ಪರೀಕ್ಷೆಯಲ್ಲಿ ಕಾಣದ ಹಾಗೆ ನೋಡಿಕೊಳ್ಳೋದು. 1998ರಲ್ಲಿ ಇನ್ನೂ ದೊಡ್ಡದು ಹೊರಬಿತ್ತು. ಲಾರಿಗಳ ಡೀಸೆಲ್ ಎಂಜಿನ್ ಮಾಡುವ ಏಳು ಕಂಪನಿಗಳು ಪರೀಕ್ಷೆಗೆ ಒಂದು ಮ್ಯಾಪ್, ಹೆದ್ದಾರಿಗೆ ಇನ್ನೊಂದು ಮ್ಯಾಪ್ ಇಟ್ಟಿದ್ದವು. ಹೆದ್ದಾರಿಯಲ್ಲಿ ಡೀಸೆಲ್ ಉಳೀತಿತ್ತು, ನೈಟ್ರೋಜನ್ ಆಕ್ಸೈಡ್ ಧಾರಾಳವಾಗಿ ಹೊರಗೆ ಹೋಗ್ತಿತ್ತು.

ಆ ರಾಜಿಯಿಂದ ಒಂದು ಒಳ್ಳೆಯದೂ ಆಯ್ತು. ಲ್ಯಾಬಿನಲ್ಲಿ ಅಲ್ಲ, ರಸ್ತೆಯಲ್ಲೇ ಓಡುವ ಗಾಡಿಯ ಹೊಗೆ ಅಳೆಯುವ ಉಪಕರಣ ಬೇಕು ಅನ್ನೋದು ಎಲ್ಲರಿಗೂ ಮನವರಿಕೆ ಆಯ್ತು. ಅದನ್ನು ಮಾಡಿದವರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಚಿಕ್ಕ ಕೇಂದ್ರವೂ ಇತ್ತು. ಸುಮಾರು ಹದಿನೈದು ವರ್ಷಗಳ ನಂತರ, 2013ರಲ್ಲಿ, ಅದೇ ಕೇಂದ್ರದ ಕೆಲವು ವಿದ್ಯಾರ್ಥಿಗಳು, ಸಂಶೋಧಕರು ಮೂರು ಡೀಸೆಲ್ ಕಾರುಗಳನ್ನು ತಗೊಂಡು, ಡಿಕ್ಕಿಯಲ್ಲಿ ಉಪಕರಣ ತುಂಬಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಿಳಿದರು. ಒಂದು ಕಾರಂತೂ ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ಹೋಗಿಬಂತು. ಆ ತಂಡದಲ್ಲಿ ಅರವಿಂದ್ ತಿರುವೆಂಗಡಂ, ಮಾರ್ಕ್ ಬೆಶ್ ಜೊತೆಗೆ ನಮ್ಮ ಬೆಂಗಳೂರಿನಿಂದ ಹೋದ ಹೇಮಂತ್ ಕಪ್ಪಣ್ಣ ಕೂಡ ಇದ್ದರು. ಅವರು ಯಾರನ್ನೋ ಹಿಡಿಯಲು ಹೊರಟವರಲ್ಲ. ಅಮೆರಿಕದ ಕಟ್ಟುನಿಟ್ಟಿನ ನಿಯಮದಡಿ ಡೀಸೆಲ್ ಎಷ್ಟು ಶುದ್ಧವಾಗಿದೆ ಅಂತ ತೋರಿಸೋದು ಮೂಲ ಉದ್ದೇಶ. ಆದರೆ ಬಂದ ಅಂಕಿಗಳೇ ಬೇರೆ. ಫೋಕ್ಸ್‌ವ್ಯಾಗನ್ ಜೆಟ್ಟಾ ರಸ್ತೆಯಲ್ಲಿ ಮಿತಿಯ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಬಿಡ್ತಿತ್ತು, ಪಸಾಟ್ 5ರಿಂದ 20 ಪಟ್ಟು. ಲ್ಯಾಬಿನ ರೋಲರ್ ಮೇಲೆ ಇಟ್ಟರೆ ಅವೇ ಎರಡು ಕಾರುಗಳು ಸಾಧುಗಳು.

ಮುಂದಿನದ್ದು ನಿಮಗೆ ಗೊತ್ತಿರುತ್ತೆ. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂಸ್ಥೆ ಇಪಿಎ ಬಹಿರಂಗವಾಗಿ ಆರೋಪ ಹೊರಿಸಿತು. ಇಸಿಯು ಒಳಗಿನ ಸಾಫ್ಟ್‌ವೇರ್, ಸ್ಟೀರಿಂಗ್ ತಿರುಗ್ತಿದೆಯೇ, ಕಾರು ಯಾವ ವೇಗದಲ್ಲಿ ಎಷ್ಟು ಹೊತ್ತು ಓಡಿತು ಅಂತ ನೋಡಿ, ಈಗ ಪರೀಕ್ಷೆ ನಡೀತಿದೆ ಅಂತ ತಿಳಿದುಕೊಂಡು, ಆಗ ಮಾತ್ರ ಶುದ್ಧ ಮ್ಯಾಪ್‌ಗೆ ಹೋಗ್ತಿತ್ತು. ಜಗತ್ತಿನಾದ್ಯಂತ ಇಂಥ ಸುಮಾರು 1.1 ಕೋಟಿ ಕಾರುಗಳು. 2016ರಲ್ಲಿ ಕಂಪನಿ ಅಮೆರಿಕದಲ್ಲಿ ಒಪ್ಪಿಕೊಂಡ ಮೊದಲ ದೊಡ್ಡ ರಾಜಿಯ ಮೊತ್ತ ಎಷ್ಟು ಗೊತ್ತಾ? 14.7 ಬಿಲಿಯನ್ ಡಾಲರ್‌ವರೆಗೆ. ಪೆಟ್ರೋಲ್ ಎಂಜಿನ್ನಿನ ಅಂಕಿಗೂ ಈ ಡೀಸೆಲ್ ದಂಡಕ್ಕೂ ಸಂಬಂಧ ಇಲ್ಲ, ಬರೀ ಕಾಕತಾಳೀಯ. ಆದರೂ ಆ ಸುದ್ದಿ ಓದಿದಾಗ ನಾನು ಒಂದು ಕ್ಷಣ ಹಾಗೇ ಕೂತೆ.

ಈ ಕಥೆ ಹೇಳಿದಾಗಲೆಲ್ಲ ಸ್ಟೇಜ್ ಒನ್ ಗೆಳೆಯರು ಗೆದ್ದವರ ಹಾಗೆ ನಗ್ತಾರೆ. “ನೋಡಿದ್ಯಾ, ದೊಡ್ಡವರೇ ಮೋಸ ಮಾಡ್ತಾರೆ. ನಮ್ಮಂಥ ಒಬ್ಬಿಬ್ಬರು ಮ್ಯಾಪ್ ತಿದ್ದಿದ್ರೆ ಯಾವ ಆಕಾಶ ಬೀಳುತ್ತೆ?” ಒಬ್ಬಿಬ್ಬರು ಅನ್ನೋದಕ್ಕೂ ಅಮೆರಿಕದವರ ಹತ್ತಿರ ಒಂದು ಲೆಕ್ಕ ಇದೆ. ಅಲ್ಲಿ ಡೀಸೆಲ್ ಪಿಕಪ್‌ಗಳ ಹೊಗೆ ಫಿಲ್ಟರ್ ಕಿತ್ತುಹಾಕಿ, ಅದು ಇಲ್ಲ ಅಂತ ಇಸಿಯುಗೆ ಗೊತ್ತಾಗದ ಹಾಗೆ ರೀಮ್ಯಾಪ್ ಮಾಡೋದು ದೊಡ್ಡ ದಂಧೆ. 2020ರಲ್ಲಿ ಇಪಿಎ ಅಂದಾಜು ಮಾಡಿದ ಪ್ರಕಾರ ಹಿಂದಿನ ಹತ್ತು ವರ್ಷಗಳಲ್ಲಿ ಹೀಗೆ ಕೈಯಾಡಿಸಿದ ಪಿಕಪ್‌ಗಳು 5,50,000ಕ್ಕಿಂತ ಹೆಚ್ಚು. ಹೊಗೆಯ ಲೆಕ್ಕದಲ್ಲಿ ಅದು ರಸ್ತೆಗೆ 90 ಲಕ್ಷ ಹೊಸ ಪಿಕಪ್ ಸೇರಿಸಿದ್ದಕ್ಕೆ ಸಮ. ಫೋಕ್ಸ್‌ವ್ಯಾಗನ್ ಅಮೆರಿಕದಲ್ಲಿ ಮಾರಿದ ಮೋಸದ ಕಾರುಗಳೂ ಹೆಚ್ಚುಕಮ್ಮಿ ಅಷ್ಟೇ, ಆರು ಲಕ್ಷದ ಹತ್ತಿರ. ಒಂದು ದೈತ್ಯ ಕಂಪನಿ ತನ್ನ ಬೋರ್ಡ್‌ರೂಮು, ಲ್ಯಾಬು ಎಲ್ಲ ಬಳಸಿ ಮಾಡಿದ್ದನ್ನು, ಸಾವಿರಾರು ಚಿಕ್ಕ ಗ್ಯಾರೇಜುಗಳು ‘ನಾನೊಬ್ಬ ತಾನೇ’ ಅಂತ ಹೇಳ್ಕೊಂಡೇ ಮಾಡಿ ಮುಗಿಸಿದ್ದವು.

ಹಾಗಂತ ಡಬ್ಬ ಮುಟ್ಟಲೇಬಾರದು, ಕಂಪನಿಯವರು ಹೇಳಿದ್ದೇ ವೇದವಾಕ್ಯ ಅಂತ ನಾನು ಹೇಳ್ತಿಲ್ಲ. ಯಾಕಂದ್ರೆ ಫೋಕ್ಸ್‌ವ್ಯಾಗನ್ ಮೋಸ ಹೇಗೆ ನಡೀತಿತ್ತು ಅಂತ ಸಾಲು ಸಾಲಾಗಿ ಬಿಚ್ಚಿ ತೋರಿಸಿದವರೂ ಡಬ್ಬ ತೆರೆದವರೇ. 2015ರ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಫೆಲಿಕ್ಸ್ ಡೊಮ್ಕೆ ಎಂಬಾತ ತನ್ನದೇ ಫೋಕ್ಸ್‌ವ್ಯಾಗನ್ ಕಾರಿನ ಇಸಿಯು ಕೋಡ್ ಓದಿ, ಪರೀಕ್ಷೆ ಗುರುತಿಸುವ ಭಾಗ ಇಲ್ಲಿದೆ ನೋಡಿ ಅಂತ ತೋರಿಸಿದ. 2017ರಲ್ಲಿ ಬೋಖುಮ್ ಮತ್ತು ಸ್ಯಾನ್ ಡಿಯಾಗೋ ವಿಶ್ವವಿದ್ಯಾಲಯಗಳ ಸಂಶೋಧಕರು 900 ಇಸಿಯು ಫೈಲುಗಳನ್ನು ಜಾಲಾಡಿ, 400ಕ್ಕೂ ಹೆಚ್ಚಿನವುಗಳಲ್ಲಿ ಅಂಥ ತಂತ್ರದ ಸುಳಿವು ಕಂಡರು. ಅವರಿಗೆ ಕೈದೀಪ ಆದದ್ದರಲ್ಲಿ ಟ್ಯೂನರ್‌ಗಳ ಲೋಕದಲ್ಲಿ ಓಡಾಡ್ತಿದ್ದ ದಾಖಲೆಗಳೂ ಸೇರಿದ್ದವು. ಹೆಕ್ಸ್ ಕಾಡಿನಲ್ಲಿ ದಾರಿ ಹುಡುಕೋ ವಿದ್ಯೆ ಇಲ್ಲದೇ ಇದ್ದಿದ್ರೆ ಈ ಸತ್ಯ ಅರ್ಧಕ್ಕೇ ನಿಂತುಬಿಡ್ತಿತ್ತು. ಅಮೆರಿಕದಲ್ಲಿ ಕಾರ್ ಮಾಲೀಕರಿಗೆ ತಮ್ಮ ಕಾರಿನ ಸಾಫ್ಟ್‌ವೇರ್ ತೆರೆದು ನೋಡಲು ಕಾಪಿರೈಟ್ ಕಾನೂನಿನಿಂದ ವಿನಾಯಿತಿ ಸಿಕ್ಕಿದ್ದೂ 2015ರಲ್ಲೇ, ಹಗರಣ ಹೊರಬಿದ್ದ ಮರು ತಿಂಗಳು. ಅದೇ ವರ್ಷದ ಜುಲೈನಲ್ಲಿ ಅದನ್ನು ಕೊಡಬೇಡಿ ಅಂತ ವಿರೋಧಿಸಿದ್ದವರು ಯಾರು ಅಂದ್ರೆ, ಇದೇ ಇಪಿಎ. ಜನ ಹೊಗೆ ನಿಯಂತ್ರಣ ಕೆಡಿಸ್ತಾರೆ ಅನ್ನೋದು ಅವರ ಭಯ. ಭಯ ಸುಳ್ಳಾಗಲಿಲ್ಲ, ಆದರೆ ಮುಚ್ಚಿಟ್ಟ ಡಬ್ಬದೊಳಗೆ ಅಷ್ಟರಲ್ಲೇ ಕಳ್ಳ ಕೂತಿದ್ದ.

ಇದೆಲ್ಲ ಎಲ್ಲೋ ದೂರದ ಕಥೆ ಅನ್ಕೋಬೇಡಿ. ಬಾಷ್‌ನ ಭಾರತದ ಕಂಪನಿ 1951ರಲ್ಲಿ ಹುಟ್ಟಿ, 1953ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಿಕೆ ಶುರುಮಾಡಿತು. ನಮಗೆಲ್ಲ ಅದು ಮೈಕೋ. ಬಿಟಿಎಂ ಪಕ್ಕದ ಮೈಕೋ ಲೇಔಟ್ ಹೆಸರು ಅಲ್ಲಿಂದಲೇ ಬಂದದ್ದು. ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆ ಡೀಸೆಲ್ ಪಂಪು ಹೋಗ್ತಿದ್ದದ್ದು ಹೆಚ್ಚಾಗಿ ಆ ಕಾರ್ಖಾನೆಯಿಂದ. ಈಗ ಜರ್ಮನಿಯ ಹೊರಗೆ ಬಾಷ್‌ನ ಅತಿ ದೊಡ್ಡ ಸಾಫ್ಟ್‌ವೇರ್ ಕೇಂದ್ರ ಇರೋದೂ ಬೆಂಗಳೂರಿನಲ್ಲೇ. ಇದನ್ನು ಓದ್ತಿರುವ ನಿಮ್ಮಲ್ಲೇ ಯಾರೋ ಒಬ್ಬರು ಇಂಥ ಮ್ಯಾಪ್‌ಗಳ ಮೇಲೆ ಕೆಲಸ ಮಾಡ್ತಿರಬಹುದು. ಫೋಕ್ಸ್‌ವ್ಯಾಗನ್ ಕಾರುಗಳಿಗೆ ಇಸಿಯು ಕೊಟ್ಟಿದ್ದು ಇದೇ ಬಾಷ್. ಡೀಸೆಲ್ ಹಗರಣದಲ್ಲಿ ಮೇಲ್ವಿಚಾರಣೆ ತಪ್ಪಿದ್ದಕ್ಕೆ 2019ರಲ್ಲಿ ಜರ್ಮನಿಯಲ್ಲಿ 9 ಕೋಟಿ ಯುರೋ ದಂಡ ಕಟ್ಟಿತು.

ಭಾರತದಲ್ಲೂ ಆ ಕಾರುಗಳು ಇದ್ದವು. 2015ರ ಕೊನೆಗೆ ಸುಮಾರು 3.23 ಲಕ್ಷ ಕಾರುಗಳನ್ನು ತಿದ್ದುಪಡಿಗೆ ವಾಪಸ್ ಕರೆದರು. ತಾನು ಇಲ್ಲಿನ ನಿಯಮ ಮೀರಿಲ್ಲ ಅನ್ನೋದು ಕಂಪನಿಯ ವಾದ. 2019ರ ಮಾರ್ಚ್‌ನಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು, ಆಮೇಲೆ ಸುಪ್ರೀಂ ಕೋರ್ಟ್ ಬಲವಂತದ ಕ್ರಮ ಬೇಡ ಅಂತ ತಡೆಯಿತು. ನಿಯಮಗಳು ಆಮೇಲೆ ಬಿಗಿಯಾದವು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6, 2023ರಿಂದ ಹೊಸ ಮಾಡೆಲ್‌ಗಳಿಗೆ ರಸ್ತೆಯ ಮೇಲೆಯೇ ಹೊಗೆ ಅಳೆಯುವ ಪರೀಕ್ಷೆ. ವೆಸ್ಟ್ ವರ್ಜೀನಿಯಾದ ಹುಡುಗರು ಮಾಡಿದ ಕೆಲಸ ಈಗ ನಮ್ಮಲ್ಲೂ ಕಾನೂನು.

ಆದರೆ ಅದು ಶೋರೂಮಿಗೆ ಬರುವ ಮೊದಲಿನ ಮಾತು. ಕಾರು ನಮ್ಮ ಕೈಗೆ ಬಂದ ಮೇಲೆ ಉಳಿಯೋದು ಬಂಕಿನ ಪಕ್ಕದ ಪಿಯುಸಿ. ಅಲ್ಲಿ ಪೆಟ್ರೋಲ್ ಕಾರನ್ನು ನಿಂತಲ್ಲೇ ಆನ್ ಮಾಡಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ನೋಡ್ತಾರೆ. ಡೀಸೆಲ್ ಕಾರಿಗೆ ಹೊಗೆ ಎಷ್ಟು ಕಪ್ಪು ಅಂತ ಮಾತ್ರ ನೋಡ್ತಾರೆ. ಯಾವ ನೈಟ್ರೋಜನ್ ಆಕ್ಸೈಡ್‌ಗೋಸ್ಕರ ಫೋಕ್ಸ್‌ವ್ಯಾಗನ್ ಅಷ್ಟು ಬಿಲಿಯನ್ ತೆತ್ತಿತೋ, ಅದನ್ನು ಪಿಯುಸಿ ಅಳೆಯೋದೇ ಇಲ್ಲ. ಹಾಗಾಗಿ ನಮ್ಮಲ್ಲಿ ಮ್ಯಾಪ್ ತಿದ್ದಿಸಿದವನಿಗೆ ಪರೀಕ್ಷೆಯನ್ನು ಗುರುತಿಸುವ ಜಾಣ ಸಾಫ್ಟ್‌ವೇರ್ ಕೂಡ ಬೇಕಾಗಿಲ್ಲ.

ಹಾಗಾದ್ರೆ ಮ್ಯಾಪ್ ತಿದ್ದಿಸಬಹುದೋ ಬೇಡವೋ ಅಂತ ಕೇಳುವವರಿಗೆ ನಾನು ಹೇಳೋದು, ಯಾವ ಮನೆಯ ಅಂಕಿ ತಿದ್ದುತ್ತಾರೆ ಅಂತ ಮೊದಲು ಕೇಳಿ. ಪೆಟ್ರೋಲ್ ಟರ್ಬೋ ಕಾರು, ಕ್ಯಾಟಲಿಟಿಕ್ ಕನ್ವರ್ಟರ್ ಅಲ್ಲೇ ಇದೆ, ಆಮ್ಲಜನಕ ಸೆನ್ಸರ್ ಹೇಳಿದ ಹಾಗೇ ದಿನನಿತ್ಯದ ಓಡಾಟ 14.7ರಲ್ಲೇ ನಡೆಯುತ್ತೆ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಒತ್ತಡ ಜಾಸ್ತಿ ಅಂದ್ರೆ, ನೀವು ಒತ್ತೆ ಇಡ್ತಿರೋದು ಹೆಚ್ಚಾಗಿ ನಿಮ್ಮದೇ ಕ್ಲಚ್ಚು, ನಿಮ್ಮದೇ ವಾರಂಟಿ. ಅದು ನಿಮ್ಮ ದುಡ್ಡು. ಆದರೆ “ಡಿಪಿಎಫ್ ತೆಗೆದುಬಿಡೋಣ ಸಾರ್, ಇಜಿಆರ್ ಆಫ್ ಮಾಡಿಬಿಡೋಣ, ಗಾಡಿ ಫ್ರೀ ಆಗುತ್ತೆ” ಅಂದ್ರೆ ಅಲ್ಲಿ ಎದ್ದು ಬನ್ನಿ. ಡಿಪಿಎಫ್ ಅಂದ್ರೆ ಮಸಿ ಹಿಡಿಯುವ ಫಿಲ್ಟರ್, ಇಜಿಆರ್ ಅಂದ್ರೆ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವ ವಾಲ್ವ್. ಅವೆರಡೂ ನಿಮಗಾಗಿ ಇಟ್ಟದ್ದಲ್ಲ. ಎಸಿ ಹಾಕಿ ಗಾಜು ಏರಿಸಿ ಕೂತ ನಿಮಗೆ ಅವು ಇದ್ದರೂ ಹೋದರೂ ಗೊತ್ತೇ ಆಗಲ್ಲ.

ಗೊತ್ತಾಗೋದು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮಾಸ್ಕ್ ಹಾಕಿ ನಿಂತ ಟ್ರಾಫಿಕ್ ಪೊಲೀಸಿಗೆ, ಸಿಗ್ನಲ್ ಬಳಿ ಹೂವು ಮಾರುವ ಹೆಂಗಸಿಗೆ, ಸ್ಕೂಲ್ ಬಸ್ಸಿನ ಕಿಟಕಿ ಪಕ್ಕ ಕೂತ ಮಗುವಿಗೆ. ಬಾನೆಟ್ ಕೆಳಗಿನ ಆ ಎಕ್ಸೆಲ್ ಶೀಟು ಒಂದು ಒಪ್ಪಂದ ಪತ್ರ. ಅದರಲ್ಲಿ ಕಾರು ಮಾಡಿದವರ ಸಹಿ ಇದೆ, ಕೊಂಡವರ ಸಹಿ ಇದೆ. ಇವರ ಪರವಾಗಿ ಕಾನೂನು ಸಹಿ ಹಾಕಿದೆ, ಆ ಸಹಿ ಬೀಳೋದಕ್ಕೆ ಲಾಸ್ ಏಂಜಲೀಸ್‌ನ ಹೊಗೆಯಿಂದ ಹಿಡಿದು ಮೂವತ್ತು ವರ್ಷ ಬೇಕಾಯ್ತು. ಒಪ್ಪಂದವನ್ನು ಓದುವ ಹಕ್ಕು ಎಲ್ಲರಿಗೂ ಇರಲಿ, ಓದುವವರಿದ್ದರೆ ಮಾತ್ರ ದೊಡ್ಡವರ ಮೋಸ ಹೊರಗೆ ಬರುತ್ತೆ. ತಿದ್ದುವಾಗ ಮಾತ್ರ, ಇವರದ್ದೂ ಒಂದು ಸಹಿ ಅಲ್ಲಿದೆ ಅನ್ನೋದು ನೆನಪಿರಲಿ.